ಬಂದಾ ಸಿಂಗ್ ಬಹಾದೂರ್: ಉಳುವವರ ದಂಗೆಯ ನಾಯಕ

ದೆಹಲಿಯ ಚರಿತ್ರೆಯನ್ನು ಬಹುಮಟ್ಟಿಗೆ ಅಲ್ಲಿನ ಸಿಂಹಾಸನವನ್ನೇರಿದವರ ಚರಿತ್ರೆಯಾಗಿಯೇ ಬರೆಯಲಾಗಿದೆ. ಕೋಟೆ, ಗೋರಿ, ಮಿನಾರುಗಳನ್ನು ಕಟ್ಟಿಸಿದವರ ಹೆಸರುಗಳು ಉಳಿದಿವೆ. ಅವುಗಳಿಗೆ ಬೇಕಾದ ಹಣವನ್ನು ಕಂದಾಯದ ರೂಪದಲ್ಲಿ ತೆತ್ತವರ ಹೆಸರುಗಳು ಉಳಿದಿಲ್ಲ. ಹೀಗೆ ತೆರುತ್ತಿದ್ದವರೇ ಆಯುಧ ಹಿಡಿದು, ದೆಹಲಿಯ ಹೊಸ್ತಿಲವರೆಗೂ ಬಂದು, ಬಾದಶಹನ ಅಧಿಕಾರವನ್ನು ಅಲ್ಲಗಳೆದು, ಸ್ವಲ್ಪ ಕಾಲವಾದರೂ ತಮ್ಮದೇ ಆಳ್ವಿಕೆಯನ್ನು ಸ್ಥಾಪಿಸಿದ ಪ್ರಸಂಗವೊಂದು ಹದಿನೆಂಟನೆಯ ಶತಮಾನದ ಆರಂಭದಲ್ಲಿ ನಡೆಯಿತು. ಅದರ ನಾಯಕ ಬಂದಾ ಸಿಂಗ್ ಬಹಾದೂರ್. ಕುತುಬ್ ಮಿನಾರಿನ ಸಮೀಪದಲ್ಲಿರುವ ಮೆಹ್ರೌಲಿಯಲ್ಲಿ ೧೭೧೬ರ ಜೂನ್ ತಿಂಗಳಲ್ಲಿ ಆತನನ್ನು ಚಿತ್ರಹಿಂಸೆಗೆ ಗುರಿಮಾಡಿ ಕೊಲ್ಲಲಾಯಿತು. ಅಲ್ಲಿಗೆ ಆ ದಂಗೆ ಮುಗಿಯಿತೆಂದು ಮೊಗಲ್ ದರಬಾರು ಭಾವಿಸಿತು. ಆದರೆ ಬಂದಾನ ಬದುಕಿನ ಮಹತ್ವವನ್ನು ಅವನ ಸೋಲಿನಿಂದ ಅಳೆಯಲಾಗದು. ಅಧಿಕಾರಕ್ಕೂ ಭೂಮಿಗೂ ಎಂದೂ ಹಕ್ಕುದಾರರಾಗಿರದ ಜನ, ತಾವೂ ಹಕ್ಕುದಾರರಾಗಬಹುದೆಂಬ ಅರಿವನ್ನು ಪಡೆದದ್ದು ಅವನ ಕಾಲದಲ್ಲಿ.

ಈ ದಂಗೆಯ ಹಿನ್ನೆಲೆಯಲ್ಲಿ ಕನ್ನಡ ನಾಡಿಗೂ ಸಂಬಂಧಿಸಿದ ಒಂದು ಸಂಗತಿಯಿದೆ. ಔರಂಗಜೇಬನು ೧೬೮೧ರಿಂದ ತನ್ನ ಮರಣದವರೆಗೆ, ಅಂದರೆ ೧೭೦೭ರವರೆಗೆ, ದಖನ್ನಿನಲ್ಲಿಯೇ ಬೀಡುಬಿಟ್ಟು ಯುದ್ಧ ನಡೆಸಿದನು. ೧೬೮೬ರಲ್ಲಿ ಬಿಜಾಪುರವೂ ಮರುವರ್ಷ ಗೋಲ್ಕೊಂಡವೂ ಅವನ ವಶವಾದವು. ಈ ದೀರ್ಘ ಯುದ್ಧ ಕೃಷ್ಣಾ ಭೀಮಾ ತೀರದ ಹೊಲಗದ್ದೆಗಳನ್ನು ಹಾಳುಗೆಡವಿದಂತೆಯೇ, ಅದರ ವೆಚ್ಚವನ್ನು ಹೊತ್ತ ಯಮುನಾ ಸಟ್ಲೆಜ್ ತೀರದ ರೈತರನ್ನೂ ಬಡವಾಗಿಸಿತು. ಬೆಳೆಯ ಅರ್ಧದವರೆಗೂ ಕಂದಾಯವಾಗಿ ಸಲ್ಲಬೇಕಾಗಿತ್ತು. ಜಹಗೀರುಗಳನ್ನು ಮೂರು ನಾಲ್ಕು ವರ್ಷಗಳಿಗೊಮ್ಮೆ ಬದಲಾಯಿಸುತ್ತಿದ್ದುದರಿಂದ, ತನಗೆ ದೊರೆತ ಅಲ್ಪಾವಧಿಯಲ್ಲಿಯೇ ಸಾಧ್ಯವಾದಷ್ಟನ್ನು ಹಿಂಡಿಕೊಳ್ಳುವುದು ಜಹಗೀರುದಾರನಿಗೆ ಸಹಜವಾಗಿತ್ತು. ಅವನಿಗೂ ರೈತನಿಗೂ ನಡುವೆ ಜಮೀನುದಾರನಿದ್ದನು. ಭೂಮಿಯನ್ನು ಉಳುವವನಿಗೆ ಆ ಭೂಮಿಯ ವಿಷಯದಲ್ಲಿ ಯಾವ ಮಾತೂ ಇರಲಿಲ್ಲ.

ಇಂಥ ಸ್ಥಿತಿಯಲ್ಲಿ ದೆಹಲಿಯ ಸುತ್ತಮುತ್ತ ದಂಗೆಗಳು ಏಳತೊಡಗಿದ್ದು ಆಶ್ಚರ್ಯವಲ್ಲ. ೧೬೬೯ರಲ್ಲಿ ಮಥುರೆಯ ಪ್ರಾಂತದ ಜಾಟ್ ರೈತರು ಗೋಕುಲನ ನಾಯಕತ್ವದಲ್ಲಿ ಬಂಡೆದ್ದರು. ೧೬೭೨ರಲ್ಲಿ ದೆಹಲಿಯ ನೈಋತ್ಯಕ್ಕಿರುವ ನಾರನೌಲಿನಲ್ಲಿ ಸತ್‌ನಾಮಿಗಳು ಎದ್ದರು. ಹೊಲ ಕಾಯುವ ಸಿಪಾಯಿಯೊಬ್ಬನಿಗೂ ಸತ್‌ನಾಮಿ ರೈತನೊಬ್ಬನಿಗೂ ನಡೆದ ಜಗಳವೇ ಅದಕ್ಕೆ ಕಿಡಿಯಾಯಿತು. ಬಡಗಿಗಳು, ಅಕ್ಕಸಾಲಿಗರು, ಚಮ್ಮಾರರು, ಜಾಡಮಾಲಿಗಳು ಸೇರಿದ್ದ ಆ ಪಂಥದವರು ಬಾದಶಹನ ಸೈನ್ಯವನ್ನು ಎದುರಿಸಿ ನಾಶವಾದರು. ೧೬೭೫ರ ನವೆಂಬರಿನಲ್ಲಿ ಸಿಖ್ಖರ ಒಂಬತ್ತನೆಯ ಗುರು ತೇಗ್ ಬಹಾದೂರರ ಶಿರಚ್ಛೇದ ದೆಹಲಿಯ ಚಾಂದನಿ ಚೌಕದಲ್ಲಿ ನಡೆಯಿತು. ಜನರಲ್ಲಿ ಅಸಮಾಧಾನಕ್ಕೆ ಕೊರತೆಯಿರಲಿಲ್ಲ, ಧೈರ್ಯಕ್ಕೂ ಕೊರತೆಯಿರಲಿಲ್ಲ. ಆದರೆ ಗೆದ್ದ ಮೇಲೆ ಏನು ಮಾಡಬೇಕೆಂಬ ಸ್ಪಷ್ಟ ಕಲ್ಪನೆ ಈ ದಂಗೆಗಳಲ್ಲಿ ರೂಪುಗೊಂಡಿರಲಿಲ್ಲ.

ಆ ಕಲ್ಪನೆಗೆ ನೆಲೆಯೊದಗಿಸಿದ್ದು ಹತ್ತನೆಯ ಗುರು ಗೋವಿಂದ ಸಿಂಗರು ೧೬೯೯ರಲ್ಲಿ ಆನಂದಪುರದಲ್ಲಿ ಸ್ಥಾಪಿಸಿದ ಖಾಲ್ಸಾ. ಗುರುವಿನ ಕರೆಗೆ ತಲೆಯೊಪ್ಪಿಸಲು ಮುಂದಾದ ಐವರಲ್ಲಿ ಒಬ್ಬನು ಲಾಹೋರಿನವನು, ಒಬ್ಬನು ಮೇರಠದ ಬಳಿಯ ಹಸ್ತಿನಾಪುರದ ಜಾಟ್ ರೈತ, ಒಬ್ಬನು ಪುರಿಯ ನೀರು ಹೊರುವವನು, ಒಬ್ಬನು ದ್ವಾರಕೆಯ ದರ್ಜಿ. ಐದನೆಯವನು ನಮ್ಮ ಬೀದರದ ಕ್ಷೌರಿಕ; ಮುಂದೆ ಸಾಹಿಬ್ ಸಿಂಗ್ ಎಂದು ಹೆಸರಾದವನು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಾಯಕಜೀವಿಗಳನ್ನೆಲ್ಲ ಒಂದುಗೂಡಿಸಿದ ಕಲ್ಯಾಣವು ಬೀದರದಿಂದ ಬಹುದೂರವೇನಿಲ್ಲ. ಈ ಎರಡು ಘಟನೆಗಳ ನಡುವೆ ನೇರ ಸಂಬಂಧವನ್ನು ಕಲ್ಪಿಸುವುದು ಸಾಧುವಲ್ಲ. ಆದರೂ ಹುಟ್ಟಿನಿಂದ ಕೀಳೆನಿಸಿದವರನ್ನು ಸಮಾನರ ಬಳಗವೊಂದಕ್ಕೆ ಸೇರಿಸಿಕೊಂಡಾಗ ರಾಜಪ್ರಭುತ್ವ ಏಕೆ ಬೆದರುತ್ತದೆ ಎಂಬುದನ್ನು ಅರಿಯಲು ಕಲ್ಯಾಣದ ಚರಿತ್ರೆ ಕನ್ನಡ ಓದುಗರಿಗೆ ನೆರವಾಗುತ್ತದೆ.

ಬಂದಾ ಹುಟ್ಟಿದ್ದು ೧೬೭೦ರ ಅಕ್ಟೋಬರಿನಲ್ಲಿ, ಜಮ್ಮು ಪ್ರದೇಶದ ರಾಜೌರಿಯಲ್ಲಿ. ತಂದೆ ರಾಮದೇವ ಬೇಸಾಯಗಾರ. ಮಗನಿಗಿಟ್ಟ ಹೆಸರು ಲಕ್ಷ್ಮಣದೇವ. ಬೆಟ್ಟದ ಸೀಮೆಯ ಹುಡುಗನಿಗೆ ಕುದುರೆ ಸವಾರಿ, ಬೇಟೆಗಳಲ್ಲಿ ಆಸಕ್ತಿ. ಒಮ್ಮೆ ಅವನು ಹೊಡೆದ ಜಿಂಕೆಯ ಹೊಟ್ಟೆಯಿಂದ ಮರಿಗಳು ಹೊರಬಂದು ಅವನ ಕಣ್ಣೆದುರಿನಲ್ಲೇ ಸತ್ತವೆಂದೂ, ಅದರಿಂದ ಮನಸ್ಸು ಕಲಕಿ ಅವನು ಮನೆಬಿಟ್ಟನೆಂದೂ ಸಂಪ್ರದಾಯ ಹೇಳುತ್ತದೆ. ಬೈರಾಗಿಗಳ ಗುಂಪನ್ನು ಸೇರಿ ಮಾಧೋದಾಸನೆಂಬ ಹೆಸರು ಪಡೆದನು. ಊರೂರು ಅಲೆದು, ನಾಸಿಕದ ಪಂಚವಟಿಯಲ್ಲಿ ಕೆಲಕಾಲ ನಿಂತು, ಯೋಗ ಮತ್ತು ಮಂತ್ರವಿದ್ಯೆಗಳನ್ನು ಕಲಿತು, ಕೊನೆಗೆ ಗೋದಾವರಿಯ ದಡದ ನಾಂದೇಡದಲ್ಲಿ ಮಠ ಕಟ್ಟಿಕೊಂಡನು. ಮೂವತ್ತೆಂಟನೆಯ ವಯಸ್ಸಿನ ಹೊತ್ತಿಗೆ ಅವನು ಶಿಷ್ಯರನ್ನೂ ಹೆಸರನ್ನೂ ಗಳಿಸಿದ್ದ ಬೈರಾಗಿ. ಆಯುಧವನ್ನು ಬಿಟ್ಟು ಬಂದ ಈ ಮನುಷ್ಯ ಮತ್ತೆ ಅದನ್ನು ಕೈಗೆತ್ತಿಕೊಳ್ಳುವನೆಂದು ಊಹಿಸಲು ಯಾವ ಕಾರಣವೂ ಇರಲಿಲ್ಲ.

೧೭೦೮ರಲ್ಲಿ ಹೊಸ ಬಾದಶಹ ಬಹಾದೂರ್ ಶಹನು ಹೈದರಾಬಾದಿನಲ್ಲಿ ತನ್ನನ್ನು ತಾನೇ ಅರಸನೆಂದು ಸಾರಿಕೊಂಡಿದ್ದ ತಮ್ಮ ಕಾಮ್ ಬಕ್ಷನನ್ನು ಅಡಗಿಸಲು ದಕ್ಷಿಣಕ್ಕೆ ಹೊರಟನು. ಅವನೊಡನೆ ಸಂಧಾನದಲ್ಲಿದ್ದ ಗುರು ಗೋವಿಂದ ಸಿಂಗರೂ ನಾಂದೇಡದವರೆಗೆ ಬಂದರು. ಅವರ ಕಿರಿಯ ಮಕ್ಕಳಿಬ್ಬರನ್ನು ಸರ್ಹಿಂದಿನ ಫೌಜುದಾರ ವಜೀರ್ ಖಾನನು ಕೆಲವು ವರ್ಷಗಳ ಹಿಂದೆ ಕೊಲ್ಲಿಸಿದ್ದನು. ಈ ಕುರಿತು ಬಾದಶಹನಿಂದ ನ್ಯಾಯ ದೊರೆಯುವ ಸೂಚನೆ ಕಾಣಿಸಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಗುರುಗಳು ಮಾಧೋದಾಸನ ಮಠಕ್ಕೆ ಹೋದರು. ಅಲ್ಲಿ ನಡೆದ ಭೇಟಿಯ ವಿವರಗಳು ಬೇರೆ ಬೇರೆ ಬಗೆಯಾಗಿ ಹೇಳಲ್ಪಟ್ಟಿದ್ದರೂ ಅದರ ಫಲ ಒಂದೇ. ಬೈರಾಗಿ ತಾನು ಗುರುವಿನ ಬಂದಾ, ಎಂದರೆ ಆಳು, ಎಂದು ಒಪ್ಪಿಕೊಂಡನು. ಆ ಮಾತೇ ಅವನ ಹೆಸರಾಗಿ ನಿಂತಿತು. ಗುರುಗಳು ಅವನಿಗೆ ಐದು ಬಾಣ, ನಗಾರಿ, ಧ್ವಜಗಳನ್ನು ಕೊಟ್ಟು, ಜೊತೆಗೆ ಬಿನೋದ್ ಸಿಂಗ್, ಬಾಜ್ ಸಿಂಗ್ ಮೊದಲಾದ ಕೆಲವೇ ಸಂಗಾತಿಗಳನ್ನು ನೀಡಿ, ಪಂಜಾಬಿನ ಸಿಖ್ಖರಿಗೆ ಪತ್ರಗಳನ್ನು ಬರೆದರು. ೧೭೦೮ರ ಅಕ್ಟೋಬರಿನಲ್ಲಿ ಕೊಲೆಗಡುಕನ ಇರಿತದ ಗಾಯದಿಂದ ಗುರುಗಳು ನಾಂದೇಡದಲ್ಲಿಯೇ ದೇಹಬಿಟ್ಟರು.

ಬಾದಶಹನೂ ಅವನ ಸೈನ್ಯವೂ ದಖನ್ನಿನಲ್ಲಿ ಸಿಕ್ಕಿಕೊಂಡಿದ್ದ ಕಾಲದಲ್ಲಿ ಬಂದಾ ಉತ್ತರವನ್ನು ಮುಟ್ಟಿದನು. ೧೭೦೯ರಲ್ಲಿ ಅವನು ಬೀಡುಬಿಟ್ಟದ್ದು ದೆಹಲಿಗೆ ಸಮೀಪದ ಸೋನಿಪತ್ ಸೀಮೆಯ ಸೇಹರಿ, ಖಾಂಡಾ ಎಂಬ ಹಳ್ಳಿಗಳ ಬಳಿ. ಅಲ್ಲಿಂದಲೇ ಗುರುವಿನ ಪತ್ರಗಳು ಹಳ್ಳಿಹಳ್ಳಿಗೆ ಹೋದವು. ಬಂದವರಲ್ಲಿ ಬಹುಸಂಖ್ಯಾತರು ಜಾಟ್ ರೈತರು; ಅವರೊಡನೆ ಬಡಗಿಗಳು, ಚಮ್ಮಾರರು, ಜಾಡಮಾಲಿಗಳು, ಸರಕು ಸಾಗಿಸುವ ಬಂಜಾರರು. ಎತ್ತು ಮಾರಿ ಕತ್ತಿ ಕೊಂಡವರ ಕಥೆಗಳನ್ನು ಪಂಜಾಬಿನ ಸಂಪ್ರದಾಯ ನೆನಪಿಟ್ಟುಕೊಂಡಿದೆ. ಸೋನಿಪತ್ ಮೊದಲು ಕೈವಶವಾಯಿತು. ಕೈತಲ್ ಬಳಿ ದೆಹಲಿಗೆ ಸಾಗುತ್ತಿದ್ದ ಸರ್ಕಾರದ ಖಜಾನೆ ದೊರೆತಾಗ ಬಂದಾ ಅದನ್ನು ತನಗೆಂದು ಇಟ್ಟುಕೊಳ್ಳದೆ ಜೊತೆಗಾರರಿಗೆ ಹಂಚಿಬಿಟ್ಟನು. ಈ ಸುದ್ದಿ ಯಾವ ಪತ್ರಕ್ಕಿಂತಲೂ ಬೇಗ ಹರಡಿತು.

೧೭೦೯ರ ನವೆಂಬರಿನಲ್ಲಿ ಸಮಾನಾ ಪಟ್ಟಣ ಬಿದ್ದಿತು. ಗುರು ತೇಗ್ ಬಹಾದೂರರ ಶಿರಚ್ಛೇದ ಮಾಡಿದವನ ಊರೆಂದು ಅದರ ಮೇಲೆ ವಿಶೇಷ ಸಿಟ್ಟಿತ್ತು. ಅನಂತರ ಸಢೌರಾ ವಶವಾಯಿತು. ಗುರುಗಳಿಗೆ ನೆರವಾದ ಸೂಫಿ ಸಂತ ಪೀರ್ ಬುದ್ಧೂ ಶಾಹನನ್ನು ಪೀಡಿಸಿ ಕೊಂದ ಉಸ್ಮಾನ್ ಖಾನನು ಅಲ್ಲಿಯ ಅಧಿಕಾರಿಯಾಗಿದ್ದನು. ೧೭೧೦ರ ಮೇ ತಿಂಗಳಲ್ಲಿ ಛಪ್ಪಡ್ ಚಿಡಿಯ ಬಯಲಿನಲ್ಲಿ ವಜೀರ್ ಖಾನನೊಡನೆ ನಿರ್ಣಾಯಕ ಯುದ್ಧ ನಡೆಯಿತು. ಒಂದು ಕಡೆ ಫಿರಂಗಿ, ಆನೆ, ಪಳಗಿದ ಕುದುರೆ ಸವಾರರು. ಇನ್ನೊಂದು ಕಡೆ ಈಟಿ, ಕತ್ತಿ, ಬಿಲ್ಲುಗಳನ್ನು ಹಿಡಿದ ರೈತರು. ವಜೀರ್ ಖಾನನು ಸತ್ತನು, ಸರ್ಹಿಂದ್ ಬಿದ್ದಿತು. ಈ ಪಟ್ಟಣಗಳಲ್ಲಿ ನಡೆದ ಕೊಲೆ ಸುಲಿಗೆಗಳನ್ನು ಮರೆಮಾಚುವುದು ಚರಿತ್ರೆಗೆ ಮಾಡುವ ಅಪಚಾರವಾಗುತ್ತದೆ. ತಪ್ಪಿತಸ್ಥರೊಡನೆ ನಿರಪರಾಧಿಗಳೂ ಸತ್ತರು. ದಶಕಗಳ ಕಾಲ ಅದುಮಿಟ್ಟ ಆಕ್ರೋಶವನ್ನು ಹಿಡಿತದಲ್ಲಿಡುವ ಶಕ್ತಿ ನಾಯಕನಿಗೆ ಎಲ್ಲ ಸಂದರ್ಭಗಳಲ್ಲಿಯೂ ಇರಲಿಲ್ಲ. ಇದೇ ಸಂದರ್ಭದಲ್ಲಿ, ಗುರುವಿನ ಮಕ್ಕಳ ಕೊಲೆಯನ್ನು ಹಿಂದೆ ವಿರೋಧಿಸಿದ್ದ ನವಾಬನ ಊರೆಂಬ ಕಾರಣದಿಂದ ಮಾಲೇರ್ಕೋಟ್ಲಾ ಉಳಿಯಿತೆಂದು ಜನ ನಂಬುತ್ತಾರೆ.

ಸರ್ಹಿಂದಿನ ಗೆಲುವಿನ ನಂತರ ಸಟ್ಲೆಜ್ ಮತ್ತು ಯಮುನಾ ನದಿಗಳ ನಡುವಣ ಸೀಮೆಯ ಬಹುಭಾಗ ಬಂದಾನ ಕೈಗೆ ಬಂತು. ಶಿವಾಲಿಕ ಬೆಟ್ಟಗಳ ಅಡಿಯಲ್ಲಿದ್ದ ಮುಖ್ಲಿಸ್‌ಗಢ ಕೋಟೆಯನ್ನು ದುರಸ್ತಿಮಾಡಿ ಲೋಹಗಢವೆಂದು ಕರೆದು ಅದನ್ನು ರಾಜಧಾನಿ ಮಾಡಿಕೊಂಡನು. ಸರ್ಹಿಂದಿಗೆ ಬಾಜ್ ಸಿಂಗನನ್ನು ಅಧಿಕಾರಿಯಾಗಿ ನೇಮಿಸಿದನು. ಅವನು ಹೊರಡಿಸಿದ ನಾಣ್ಯ ಮತ್ತು ಮುದ್ರೆಗಳಲ್ಲಿ ಗಮನಿಸಬೇಕಾದ ಅಂಶವೆಂದರೆ, ಅವು ಗುರು ನಾನಕ್ ಮತ್ತು ಗುರು ಗೋವಿಂದ ಸಿಂಗರ ಹೆಸರಿನಲ್ಲಿದ್ದವು, ಬಂದಾನ ಹೆಸರಿನಲ್ಲಿರಲಿಲ್ಲ. ತನ್ನ ಹೆಸರಿನ ನಾಣ್ಯ ಹಾಕಿಸುವುದೇ ಅರಸುತನದ ಮೊದಲ ಲಕ್ಷಣವೆಂದು ಭಾವಿಸಿದ್ದ ಕಾಲದಲ್ಲಿ ಇದು ಅರ್ಥಪೂರ್ಣವಾದ ನಡೆ. ಮುದ್ರೆಯಲ್ಲಿ ಕತ್ತಿಯ ಜೊತೆಗೆ ಹಸಿದವರಿಗೆ ಅನ್ನ ಬೇಯಿಸುವ ಪಾತ್ರೆಯ ಉಲ್ಲೇಖವೂ ಇತ್ತು.

ಇದಕ್ಕಿಂತಲೂ ಮಹತ್ವದ ಕೆಲಸ ಭೂಮಿಗೆ ಸಂಬಂಧಿಸಿದ್ದು. ತನ್ನ ಆಳ್ವಿಕೆಗೆ ಒಳಪಟ್ಟ ಸೀಮೆಯಲ್ಲಿ ಬಂದಾ ಜಮೀನುದಾರಿಯನ್ನು ತೆಗೆದುಹಾಕಿ, ಉಳುವವರನ್ನೇ ಭೂಮಿಯ ಒಡೆಯರನ್ನಾಗಿ ಮಾಡಿದನು. ಮೊಗಲ್ ಪಕ್ಷದ ಪಾರಸಿ ಬರಹಗಾರರು ತಿರಸ್ಕಾರದಿಂದ ದಾಖಲಿಸಿದ ಒಂದು ಸಂಗತಿ ಇಂದು ಅವನ ಹಿರಿಮೆಗೆ ಸಾಕ್ಷಿಯಾಗಿದೆ: ಮನೆಬಿಟ್ಟು ಹೋದ ಚಮ್ಮಾರನೋ ಜಾಡಮಾಲಿಯೋ ಕೆಲವೇ ದಿನಗಳಲ್ಲಿ ಅಧಿಕಾರಪತ್ರದೊಡನೆ ಊರಿಗೆ ಹಿಂದಿರುಗುತ್ತಿದ್ದನು, ಊರಿನ ಕುಲೀನರೂ ಸಿರಿವಂತರೂ ಎದುರುಗೊಂಡು ಕರೆತಂದು ಅವನ ಮುಂದೆ ಕೈಜೋಡಿಸಿ ನಿಲ್ಲುತ್ತಿದ್ದರು. ಕರ್ನಾಟಕದಲ್ಲಿ ೧೯೫೧ರ ಕಾಗೋಡು ಸತ್ಯಾಗ್ರಹ ಎತ್ತಿದ ಪ್ರಶ್ನೆ ೧೯೭೪ರ ಭೂಸುಧಾರಣಾ ಶಾಸನದಲ್ಲಿ ಉತ್ತರ ಕಂಡುಕೊಳ್ಳಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದನ್ನು ನೆನೆದರೆ, ೧೭೧೦ರಲ್ಲಿ ಯುದ್ಧದ ನಡುವೆ ಕೈಗೊಂಡ ಈ ಕ್ರಮದ ಸಾಹಸ ಅರಿವಾಗುತ್ತದೆ.

ಸುದ್ದಿ ತಿಳಿದ ಬಹಾದೂರ್ ಶಹನು ರಜಪೂತರೊಡನಿದ್ದ ವೈಮನಸ್ಯವನ್ನು ಬದಿಗಿಟ್ಟು, ಅಜ್ಮೇರಿನಿಂದ ದೆಹಲಿಯನ್ನೂ ಹೊಗದೆ ನೇರವಾಗಿ ಪಂಜಾಬಿನತ್ತ ಧಾವಿಸಿದನು. ಸರ್ಕಾರಿ ಸೇವೆಯಲ್ಲಿದ್ದ ಹಿಂದೂಗಳು ಗಡ್ಡ ಬೋಳಿಸಬೇಕೆಂಬ ಆಜ್ಞೆ ಹೊರಟಿತು. ವೇಷ ಮರೆಸಿದ ಸಿಖ್ಖರು ಒಳಗೆ ಸೇರಿರಬಹುದೆಂಬ ಭಯ ಅದಕ್ಕೆ ಕಾರಣ. ೧೭೧೦ರ ಕೊನೆಯಲ್ಲಿ ಅಪಾರ ಸೈನ್ಯ ಲೋಹಗಢವನ್ನು ಸುತ್ತುವರಿಯಿತು. ಗುಲಾಬ್ ಸಿಂಗನೆಂಬ ಅನುಯಾಯಿ ಬಂದಾನ ಉಡುಪು ತೊಟ್ಟು ಅವನ ಜಾಗದಲ್ಲಿ ಕುಳಿತು ಸೆರೆಸಿಕ್ಕನು. ಬಂದಾ ರಾತ್ರಿಯ ಕತ್ತಲಲ್ಲಿ ಬೆಟ್ಟ ಸೇರಿದನು. ಅವನಿಗಾಗಿ ಮಾಡಿಸಿದ್ದ ಕಬ್ಬಿಣದ ಪಂಜರದಲ್ಲಿ, ಅವನನ್ನು ಹಿಡಿದುಕೊಡಲಾಗದ ನಾಹನ್‌ನ ರಾಜನನ್ನು ತುಂಬಲಾಯಿತು. ಡಿಸೆಂಬರಿನಲ್ಲಿ ನಾನಕರ ಅನುಯಾಯಿಗಳನ್ನು ಕಂಡಲ್ಲಿ ಕೊಲ್ಲಬೇಕೆಂಬ ಫರ್ಮಾನು ಹೊರಬಿತ್ತು.

ಈ ದಂಗೆ ಒಂದು ಮತದ ವಿರುದ್ಧ ಇನ್ನೊಂದು ಮತ ನಡೆಸಿದ ಯುದ್ಧವೆಂದು ಸರಳಗೊಳಿಸುವ ಪ್ರವೃತ್ತಿ ಅಂದೂ ಇತ್ತು, ಇಂದೂ ಇದೆ. ಮೊಗಲ್ ದರಬಾರಿನ ವಾರ್ತಾಪತ್ರಗಳೇ ಇದಕ್ಕೆ ಬೇರೆ ಸಾಕ್ಷ್ಯ ನುಡಿಯುತ್ತವೆ. ೧೭೧೧ರ ಏಪ್ರಿಲಿನ ವರದಿಯೊಂದರ ಪ್ರಕಾರ, ಕಲಾನೌರಿನಲ್ಲಿದ್ದ ಬಂದಾ ಮುಸಲ್ಮಾನರನ್ನು ಪೀಡಿಸುವುದಿಲ್ಲವೆಂದು ಮಾತುಕೊಟ್ಟಿದ್ದನು. ಸುಮಾರು ೫೦೦೦ ಮುಸಲ್ಮಾನರು ಅವನ ಸೈನ್ಯ ಸೇರಿದ್ದರು. ನಮಾಜು ಮತ್ತು ಖುತ್ಬಾಗಳಿಗೆ ಅವನ ಬೀಡಿನಲ್ಲಿ ಅಡ್ಡಿಯಿರಲಿಲ್ಲ. ಇತ್ತ ಬೆಟ್ಟಸೀಮೆಯ ಹಿಂದೂ ಅರಸರಲ್ಲಿ ಹಲವರು ಬಾದಶಹನ ಪರವಾಗಿದ್ದರು. ಧರ್ಮಶ್ರದ್ಧೆ ಬಂದಾನ ಜನರಿಗೆ ಸಾಯುವ ಧೈರ್ಯವನ್ನು ಕೊಟ್ಟಿತೆಂಬುದು ನಿಜ. ಅವರು ಯಾರ ವಿರುದ್ಧ ಹೋರಾಡಿದರೆಂಬುದನ್ನು ಮಾತ್ರ ಕಂದಾಯದ ಲೆಕ್ಕವೇ ಬಹುಮಟ್ಟಿಗೆ ನಿರ್ಧರಿಸಿತ್ತು.

೧೭೧೨ರಲ್ಲಿ ಬಹಾದೂರ್ ಶಹನು ಲಾಹೋರಿನಲ್ಲಿ ಸತ್ತನು. ಮಕ್ಕಳ ಕಲಹದ ಸಂದಿಯಲ್ಲಿ ಬಂದಾ ಸಢೌರಾ, ಲೋಹಗಢಗಳನ್ನು ಮರಳಿ ಪಡೆದನು. ಈ ನಡುವೆ ಚಂಬಾ ರಾಜಮನೆತನದ ಕನ್ಯೆಯೊಡನೆ ಅವನ ವಿವಾಹವಾಗಿ, ಅಜಯ್ ಸಿಂಗ್ ಎಂಬ ಮಗ ಹುಟ್ಟಿದನು. ೧೭೧೩ರಲ್ಲಿ ಪಟ್ಟಕ್ಕೆ ಬಂದ ಫರೂಖ್‌ಸಿಯರನು ಲಾಹೋರಿನ ಸುಬೇದಾರ ಅಬ್ದುಸ್ ಸಮದ್ ಖಾನನಿಗೆ ಬಂದಾನನ್ನು ಮುಗಿಸುವ ಕೆಲಸ ವಹಿಸಿದನು. ೧೭೧೫ರ ವಸಂತದಲ್ಲಿ ಗುರುದಾಸಪುರದ ಸಮೀಪದ ಗುರುದಾಸ್ ನಂಗಲ್ ಹಳ್ಳಿಯ ಹವೇಲಿಯೊಂದರಲ್ಲಿ ಬಂದಾ ಮತ್ತು ಸಂಗಡಿಗರು ಮುತ್ತಿಗೆಗೆ ಸಿಕ್ಕಿದರು. ಮುತ್ತಿಗೆ ಎಂಟು ತಿಂಗಳು ನಡೆಯಿತು. ದವಸ ತೀರಿತು, ಕುದುರೆ ಕತ್ತೆಗಳನ್ನು ತಿಂದರು, ಎಲೆ, ತೊಗಟೆಗಳನ್ನು ಪುಡಿಮಾಡಿ ತಿಂದರು. ಹೊರಬೀಳುವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು, ನಾಂದೇಡದಿಂದ ಜೊತೆಗಿದ್ದ ಬಿನೋದ್ ಸಿಂಗನೇ ಬಿಟ್ಟುಹೋದನು. ಡಿಸೆಂಬರಿನಲ್ಲಿ ಸೈನಿಕರು ಒಳನುಗ್ಗಿದಾಗ ಕತ್ತಿ ಎತ್ತುವ ಶಕ್ತಿ ಒಳಗಿದ್ದವರಿಗೆ ಇರಲಿಲ್ಲ.

೧೭೧೬ರ ಫೆಬ್ರವರಿಯ ಕೊನೆಯಲ್ಲಿ ಸೆರೆಯಾಳುಗಳ ಮೆರವಣಿಗೆ ದೆಹಲಿಯನ್ನು ಪ್ರವೇಶಿಸಿತು. ಮುಂದೆ ಬಿದಿರುಗಳಿಗೆ ಸಿಕ್ಕಿಸಿದ ಸುಮಾರು ೨೦೦೦ ತಲೆಗಳು. ಹಿಂದೆ ಆನೆಯ ಮೇಲೆ ಕಬ್ಬಿಣದ ಪಂಜರದಲ್ಲಿ, ಅಣಕಕ್ಕಾಗಿ ಜರತಾರಿಯ ಕೆಂಪು ಉಡುಪು ತೊಡಿಸಿದ ಬಂದಾ. ಅವನ ಹಿಂದೆ ಒಂಟೆಗಳ ಮೇಲೆ ಇಬ್ಬಿಬ್ಬರನ್ನು ಸೇರಿಸಿ ಬಿಗಿದ ಸುಮಾರು ೭೪೦ ಸೆರೆಯಾಳುಗಳು. ಇನ್ನು ಮುಂದೆ ಯಾವ ರೈತನೂ ತಲೆಯೆತ್ತಬಾರದೆಂಬ ಪಾಠವನ್ನು ಕಲಿಸುವುದು ಆ ಮೆರವಣಿಗೆಯ ಉದ್ದೇಶ. ಮಾರ್ಚ್ ತಿಂಗಳಿನಿಂದ ಚಾಂದನಿ ಚೌಕದ ಕೊತವಾಲಿಯ ಬಳಿ ದಿನಕ್ಕೆ ನೂರರಂತೆ ಶಿರಚ್ಛೇದ ನಡೆಯಿತು. ಮತ ಬದಲಿಸಿದರೆ ಪ್ರಾಣ ಉಳಿಯುತ್ತಿತ್ತು. ಆಗ ಫರೂಖ್‌ಸಿಯರನ ದರಬಾರಿಗೆ ವ್ಯಾಪಾರದ ಸವಲತ್ತು ಕೇಳಲು ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಗಳು ಕಲ್ಕತ್ತೆಗೆ ಬರೆದ ಪತ್ರದಲ್ಲಿ, ಒಬ್ಬನೂ ಹಾಗೆ ಬದಲಿಸಿದ್ದು ಕಂಡುಬರಲಿಲ್ಲವೆಂದು ವಿಸ್ಮಯದಿಂದ ತಿಳಿಸಿದ್ದಾರೆ. ವಿಧವೆ ತಾಯಿಯೊಬ್ಬಳು ತನ್ನ ಎಳೆಯ ಮಗ ಸಿಖ್ಖನಲ್ಲವೆಂದು ಹೇಳಿ ಬಿಡುಗಡೆಯ ಆಜ್ಞೆ ತಂದಳು. ಹುಡುಗ ತಾಯಿಯ ಮಾತು ಸುಳ್ಳೆಂದು ಹೇಳಿ ಸಂಗಡಿಗರ ಸಾಲಿಗೆ ಮರಳಿದನು. ಈ ಘಟನೆಯನ್ನು ಬರೆದಿಟ್ಟವನು ಬಂದಾನ ಅಭಿಮಾನಿಯಲ್ಲ. ಅವನನ್ನು ಕಟುವಾಗಿ ನಿಂದಿಸಿದ ಚರಿತ್ರಕಾರ ಖಾಫಿ ಖಾನ್.

ಬಂದಾನನ್ನು ಇನ್ನೂ ಮೂರು ತಿಂಗಳು ಇಟ್ಟುಕೊಳ್ಳಲಾಯಿತು. ಜೂನ್ ತಿಂಗಳಲ್ಲಿ ಅವನನ್ನೂ ಉಳಿದ ಕೆಲವು ಸಂಗಡಿಗರನ್ನೂ ಮೆಹ್ರೌಲಿಯ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯ ದರ್ಗಾದ ಬಳಿಗೆ ಕರೆತಂದರು. ನಾಲ್ಕು ವರ್ಷದ ಮಗನನ್ನು ತಂದೆಯ ತೊಡೆಯ ಮೇಲೆ ಕೂರಿಸಿ, ತಂದೆಯೇ ಕೊಲ್ಲಬೇಕೆಂದರು. ಅವನು ಒಪ್ಪದಿದ್ದಾಗ ಕಟುಕನು ಮಗುವನ್ನು ಕೊಂದನು. ಅನಂತರ ಬಂದಾನ ಕಣ್ಣುಗಳನ್ನು ಕಿತ್ತು, ಕೈಕಾಲುಗಳನ್ನು ಕಡಿದು, ಕಾಯಿಸಿದ ಇಕ್ಕುಳಗಳಿಂದ ಮಾಂಸವನ್ನು ಹರಿದು ಕೊಂದರು. ಆಗ ಅವನಿಗೆ ನಲವತ್ತಾರು ವರ್ಷವೂ ತುಂಬಿರಲಿಲ್ಲ. ಎಳೆಯ ಜಿಂಕೆಮರಿಗಳ ಸಾವಿಗೆ ಮರುಗಿ ಮನೆಬಿಟ್ಟನೆಂದು ಹೇಳಲಾಗುವ ಮನುಷ್ಯ ಕೊನೆಗೆ ಇಂಥ ಸಾವನ್ನು ಕಾಣಬೇಕಾಯಿತು.

ಬಂದಾನ ಆಳ್ವಿಕೆ ಬಹಳ ಕಾಲ ನಿಲ್ಲಲಿಲ್ಲ. ಫಿರಂಗಿ ಬಲವಿಲ್ಲದ ರೈತಸೇನೆ ಸಾಮ್ರಾಜ್ಯವೊಂದರ ಒಟ್ಟು ಶಕ್ತಿಯನ್ನು ಬಹುದಿನ ತಡೆಯಲಾರದಾಯಿತು. ಪಟ್ಟಣಗಳ ವರ್ತಕರೂ ಬೆಟ್ಟದ ಅರಸರೂ ದೂರ ಉಳಿದರು. ಖಾಲ್ಸಾದಲ್ಲಿಯೇ ಒಡಕು ಮೂಡಿತು. ಆದರೂ ಉಳುವವರ ಕೈಗೆ ಒಮ್ಮೆ ಬಂದ ಭೂಮಿಯ ನೆನಪನ್ನು ಅಳಿಸಲು ಯಾವ ಫರ್ಮಾನಿಗೂ ಸಾಧ್ಯವಾಗಲಿಲ್ಲ. ಈ ಸೀಮೆಯಲ್ಲಿ ಹಳೆಯ ದೊಡ್ಡ ಜಮೀನುದಾರಿಗಳು ಮೊದಲಿನ ಬಲವನ್ನು ಮತ್ತೆ ಪಡೆಯಲಿಲ್ಲ. ಬಂದಾನನ್ನು ಕೊಲ್ಲಿಸಿದ ಫರೂಖ್‌ಸಿಯರನನ್ನು ೧೭೧೯ರಲ್ಲಿ ಅವನ ಮಂತ್ರಿಗಳೇ ಪಟ್ಟದಿಂದಿಳಿಸಿ, ಕುರುಡನನ್ನಾಗಿಸಿ, ಕೊಲ್ಲಿಸಿದರು. ೧೭೩೯ರಲ್ಲಿ ನಾದಿರ್ ಶಹನು ದೆಹಲಿಯನ್ನು ಸುಲಿದನು. ೧೭೬೪ರಲ್ಲಿ ಸಿಖ್ಖರು ಸರ್ಹಿಂದನ್ನು ಮತ್ತೆ ಗೆದ್ದು, ಅದರ ಸೀಮೆಯನ್ನು ತಮ್ಮತಮ್ಮಲ್ಲಿ ಹಂಚಿಕೊಂಡರು. ೧೭೮೩ರಲ್ಲಿ ಬಘೇಲ್ ಸಿಂಗನು ಸೈನ್ಯದೊಡನೆ ದೆಹಲಿಯನ್ನು ಹೊಕ್ಕು, ಗುರು ತೇಗ್ ಬಹಾದೂರರ ಶಿರಚ್ಛೇದ ನಡೆದ ಚಾಂದನಿ ಚೌಕದಲ್ಲಿ ಗುರುದ್ವಾರವನ್ನು ಕಟ್ಟಿಸಲು ಬಾದಶಹನಿಂದಲೇ ಅನುಮತಿ ಪಡೆದನು.

ಆ ಗುರುದ್ವಾರ ಇಂದು ದೆಹಲಿಯ ಪ್ರಮುಖ ಶ್ರದ್ಧಾಕೇಂದ್ರಗಳಲ್ಲೊಂದು. ಮೆಹ್ರೌಲಿಯಲ್ಲಿ ಬಂದಾನ ನೆನಪಿನ ಗುರುದ್ವಾರವೂ ಇದೆ. ಕುತುಬ್ ಮಿನಾರನ್ನು ನೋಡಲು ಹೋಗುವ ಅಸಂಖ್ಯ ಜನರಲ್ಲಿ ಅಲ್ಲಿಗೆ ಕಾಲಿಡುವವರು ಕಡಿಮೆ. ರವೀಂದ್ರನಾಥ ಠಾಕೂರರು ಬಂಗಾಳಿಯಲ್ಲಿ ಬಂದಾನನ್ನು ಕುರಿತು ಕವಿತೆ ಬರೆದರು. ಗಂಡಾ ಸಿಂಗ್ ಅವರು ೧೯೩೫ರಲ್ಲಿ ಪಾರಸಿ ಆಕರಗಳನ್ನು ಶೋಧಿಸಿ ಅವನ ಪ್ರಮಾಣಬದ್ಧ ಚರಿತ್ರೆಯನ್ನು ಪ್ರಕಟಿಸಿದರು. ೧೮೩೦ರಲ್ಲಿ ಮೈಸೂರಿನ ಅರಸೊತ್ತಿಗೆಯ ವಿರುದ್ಧ ಎದ್ದ ನಗರ ಸೀಮೆಯ ರೈತರನ್ನು ನೆನೆಯುವ ಕನ್ನಡಿಗರಿಗೆ ಬಂದಾ ಅಪರಿಚಿತನಾಗಿ ಉಳಿಯಬೇಕಾದ ಕಾರಣವಿಲ್ಲ. ಬೀದರದ ಕ್ಷೌರಿಕನೊಬ್ಬನು ತಲೆಯೊಪ್ಪಿಸಲು ಮುಂದಾಗಿ ನಿಂತ ಬಳಗದಲ್ಲಿಯೇ, ಗೋದಾವರಿಯ ದಡದಿಂದ ಹೊರಟ ಈ ಬೈರಾಗಿಯೂ ನಿಂತಿದ್ದಾನೆ.